ಮುಖ ಹುಡುಕಿದ ಕಣ್ಣುಗಳು

ಬಲು ಹಿಂದೆ, ಗೋಡೆಯ ಚಿತ್ರಗಳು ಎದ್ದು ಓಡಾಡುತ್ತಿದ್ದ ಕಾಲದಲ್ಲಿ, ರಂಗಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹಾಲಪ್ಪ, ಮಾಳವ್ವ ಎಂಬ ಚಿತ್ರಗಾರ ದಂಪತಿ ಇದ್ದರು. ಅವರ ಮನೆತನದಲ್ಲಿ ಒಂದು ಕಟ್ಟಳೆ. ಮೈ, ಮುಖ, ಒಡವೆ ಎಲ್ಲ ಬರೆದು ಮುಗಿಸಿ, ಕಟ್ಟಕಡೆಗೆ ಕಣ್ಣು ಬರೆಯಬೇಕು. ಕಣ್ಣು ಬಂತೆಂದರೆ ಚಿತ್ರಕ್ಕೆ ಜೀವ ಬಂತೆಂದೇ ಅರ್ಥ.

ಒಮ್ಮೆ ರಾಜ ಸಂಜೆಯೊಳಗೆ ತನ್ನ ಚಿತ್ರ ಬೇಕೆಂದು ಹಟ ಹಿಡಿದ. ರಾಜರಿಗೆ ಕಾಯುವುದನ್ನು ಯಾರು ಕಲಿಸಿದ್ದಾರೆ ಹೇಳಿ! ಹಾಲಪ್ಪ ಅವಸರದಲ್ಲಿ ಕಣ್ಣಿಗೇ ಮೊದಲು ಕುಂಚ ಇಟ್ಟ.

"ಬ್ಯಾಡ್ರಿ, ಕಣ್ಣು ಕಡೀಕ," ಎಂದಳು ಮಾಳವ್ವ.

"ಮೊದಲ ಬರದ್ರ ಆಕಾಶ ಕಳಚಿ ಬೀಳ್ತದೇನ? ಸುಮ್ನಿರು," ಎಂದ ಅವನು.

ಆಕಾಶವೇನೂ ಬೀಳಲಿಲ್ಲ. ಎರಡು ಕಣ್ಣುಗಳು ಹಲಗೆಯಿಂದ ಎದ್ದು ಗಾಳಿಯಲ್ಲಿ ನಿಂತವು. ಅವಕ್ಕೆ ಮುಖವಿಲ್ಲ, ರೆಪ್ಪೆಯಿಲ್ಲ. ಅವು ಹಾಲಪ್ಪನನ್ನು ದಿಟ್ಟಿಸಿದವು. ಅವನ ಮುಖ ಸಿಪ್ಪೆಯ ಹಾಗೆ ಸುಲಿದು ಬಂತು. ಅದನ್ನು ತೊಟ್ಟು ನೋಡಿದವು, ಹೊಂದಲಿಲ್ಲ. ಊರ ಹೊರಗಿನ ಆಲದ ಕೊಂಬೆಗೆ ಅದನ್ನು ನೇತುಹಾಕಿ, "ನಂದ್ಯಾವುದು? ನಂದ್ಯಾವುದು?" ಎನ್ನುತ್ತ ಹೊರಟವು.

ದಂಡನಾಯಕನ ಮುಖ ಹೋಯಿತು, ಮಂತ್ರಿಯದು ಹೋಯಿತು, ಕೊನೆಗೆ ರಾಜನದೂ ಹೋಯಿತು. ಮುಖ ಹೋದವರು ಉಣ್ಣಲಾರರು, ಅಳಲಾರರು. ಹಾಲಪ್ಪ ಗೋಡೆ ತಡವುತ್ತ ದಿನದಿನಕ್ಕೆ ಸೊರಗಿದ. ಮಾಳವ್ವ ಮರ ಹತ್ತಿ ಗಂಡನ ಮುಖ ಬಿಡಿಸಲು ಹೋದಳು. ಕೊಂಬೆ ಬಿಡಲಿಲ್ಲ.

"ಆ ಕಣ್ಣಿಗೆ ತಮ್ಮದೊಂದು ಮುಖ ಸಿಗೂತನಕ ನಮಗ ಬಿಡುಗಡೆ ಇಲ್ಲ, ಮಾಳೀ. ಲಗೂ ಮಾಡು," ಎಂದಿತು ಮುಖ.

ಮಾಳವ್ವ ತನ್ನ ಮುಖ ಕಾಣದಂತೆ ಕೆಮ್ಮಣ್ಣು ಮೆತ್ತಿಕೊಂಡು, ಆಲದ ಬುಡದಲ್ಲಿ ಹಲಗೆ ಹರವಿ ಕುಳಿತಳು. ಮೊದಲು ಕಿರೀಟ ಇಟ್ಟ ರಾಜನ ಮುಖ ಬರೆದಳು. ಕಣ್ಣುಗಳು ಬಂದು ಕುಳಿತು, "ಅಲ್ಲ!" ಎಂದವು. ಹಲಗೆ ಸೀಳಿತು. ಆಮೇಲೆ, ನೋಡಿದವರ ಎದೆ ಝಲ್ಲೆನ್ನುವಂಥ ಚೆಲುವನ ಮುಖ ಬರೆದಳು. "ಅಲ್ಲ!" ಎಂದವು. ಹಲಗೆ ಹೊತ್ತಿ ಉರಿಯಿತು. ಮೇಲೆ ಕೊಂಬೆಯಲ್ಲಿ ಹಾಲಪ್ಪನ ಮುಖ ಬಣ್ಣಗೆಡುತ್ತಿತ್ತು.

ಮಾಳವ್ವನಿಗೆ ರೇಗಿಹೋಯಿತು. "ಯಾರ ಮುಖಾನೂ ಬ್ಯಾಡಂದ್ರ, ನಿಮಗ ಏನಾಗೇತಿ ಅದನ್ನಾರ ಹೇಳ್ರಿ!"

ಅವನ್ನು ಹಾಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಕಣ್ಣುಗಳು ನಡುಗಿದವು. "ನಿದ್ದಿಲ್ಲ. ಮುಚ್ಚಾಕ ಬರಂಗಿಲ್ಲ. ಕಂಡದ್ದೆಲ್ಲ ಒಳಗ ನುಗ್ಗತೈತಿ."

ಗಂಡನ ಮುಖ ಹೋದಂದಿನಿಂದ ಮಾಳವ್ವನಿಗೂ ನಿದ್ದೆಯಿರಲಿಲ್ಲ. ಆ ಸಂಕಟವನ್ನೇ ಬರೆಯಲು ಅವಳು ಕುಂಚ ಎಸೆದು ಬಣ್ಣಕ್ಕೆ ಎರಡೂ ಕೈ ಅದ್ದಿದಳು. ಕಾಡಿಗೆ ಕಪ್ಪನ್ನು ಅಡ್ಡಡ್ಡ ಎಳೆದಳು, ಅದರ ಮೇಲೆ ಇಂಗಳೀಕದ ಕೆಂಪು ತಿಕ್ಕಿದಳು, ಉಗುರಿನಿಂದ ಕೆರೆದಳು. ಮೂಗಿಲ್ಲ, ಬಾಯಿಲ್ಲ, ಆಕಾರವೇ ಇಲ್ಲ. ಮನೆತನದ ಹಿರಿಯರು ಕಂಡಿದ್ದರೆ ಕೈಗೆ ಬಡಿಯುತ್ತಿದ್ದರು. ಅಳು ಬಂತು, ಅಳುತ್ತಲೇ ತಿಕ್ಕಿದಳು. ಕೆಮ್ಮಣ್ಣು ಕಣ್ಣೀರಿನಲ್ಲಿ ಕರಗಿ ಅವಳ ಮುಖ ಬಯಲಾಯಿತು.

ಕಣ್ಣುಗಳು ಅವಳನ್ನು ನೋಡಿದವು. ಮುಖ ಸುಲಿಯಲಿಲ್ಲ. ಹಲಗೆಯತ್ತ ತಿರುಗಿ ಆ ಕೆಂಪು ಕಪ್ಪಿನ ನಡುವೆ ಮೆಲ್ಲಗೆ ಕುಳಿತವು.

"ಇದು ನಂದು," ಎಂದವು.

ಮಾಳವ್ವ ಕುಂಚ ಹೆಕ್ಕಿಕೊಂಡು ಎರಡು ಗೆರೆ ಎಳೆದಳು. ಅವು ರೆಪ್ಪೆಗಳಾದವು. ಕಣ್ಣುಗಳು ಮುಚ್ಚಿಕೊಂಡವು.

ಆಲದ ಮರ ಒಮ್ಮೆ ಮೈ ಜಾಡಿಸಿತು. ಮುಖಗಳೆಲ್ಲ ಹಾರಿ ತಂತಮ್ಮವರನ್ನು ಸೇರಿದವು. ರಾಜ ಮೊದಲು ಊಟ ಕೇಳಿದ, ಮಂತ್ರಿ ಗೊಳೋ ಎಂದು ಅತ್ತ. ಆ ಚಿತ್ರವನ್ನು ಅರಮನೆಯ ತಂಪು ಕೋಣೆಯಲ್ಲಿ ಇಟ್ಟರು. ಅದರ ಮುಂದೆ ರಾಜನೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದ. ರಂಗಿನಗಿರಿಯ ಜನ ನಕ್ಕು, ಅತ್ತು, ಉಂಡು ನೆಮ್ಮದಿಯಾಗಿ ಬಾಳಿದರು.

ಮುಖ ಮರಳಿದ ಅಂದು ಹಾಲಪ್ಪ ಓಡಿ ಬಂದು ಏನೋ ಹೇಳಲು ಬಾಯಿ ತೆರೆದ. "ಮಾತು ಆಮ್ಯಾಲ. ಸುಮ್ನ ಕುಂದರ್ರಿ, ನೋಡ್ತೀನಿ," ಎಂದು ಮಾಳವ್ವ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಕೆನ್ನೆಗಳ ಮೇಲೆ ಕೆಂಪು ಕಪ್ಪು ಕೈಯಚ್ಚು ಮೂಡಿತು. ಎಷ್ಟು ಹೇಳಿದರೂ ಅವನು ಅದನ್ನು ತೊಳೆದುಕೊಳ್ಳಲಿಲ್ಲ.