ಅವಳು ಅಳಿಸಿದ ಸಾಲು

“ಕೈ ಬೇಡ. ಬ್ಯಾಗ್ ಹಿಡ್ಕಳ್ರಿ.”

ಶಿಕಾರಿಪುರದ ನಿಲ್ದಾಣದಲ್ಲಿ, ಬಸ್ಸಿನ ಬಾಗಿಲಲ್ಲಿ ನಿಂತು ನೀಲಾಂಬಿಕ ಚಾಚಿದ ಕೈಯನ್ನು ಸಿದ್ಧಲಿಂಗೇಶ್ ನೋಡಲೂ ಇಲ್ಲ. ಬ್ಯಾಗನ್ನು ಅವಳಿಗೆ ದಾಟಿಸಿ, ಕಂಬಿ ಹಿಡಿದು, ಬಲಗಾಲನ್ನು ಎಳೆದುಕೊಂಡು ತಾನೇ ಹತ್ತಿದ. ಅವಳ ಕಿವಿ ಬಿಸಿಯಾಯಿತು.

ಅದು ಡಿಗ್ರಿಯ ಮೊದಲ ವಾರ. ಮುಂದಿನ ಮೂರು ವರ್ಷ, ಶಿರಾಳಕೊಪ್ಪದಲ್ಲಿ ಅವಳು ಇಳಿಯುವವರೆಗೆ ಅವನ ಬ್ಯಾಗ್ ಅವಳ ಮಡಿಲಲ್ಲೇ ಇರುತ್ತಿತ್ತು. ಆದರೆ ಆ ಕಾಲಿನ ಬಗ್ಗೆ ಅವಳು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ನೊಂದುಕೊಂಡಾನು... ಜೊತೆಗೆ ನಡೆಯುವಾಗ, ಅವನು ಹಿಂದೆ ಬೀಳದಿರಲೆಂದು, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಆಗಾಗ ನಿಲ್ಲುತ್ತಿದ್ದಳು, ಅಷ್ಟೆ.

ಆಮೇಲೆ ಅವನು ಸೊರಬದಲ್ಲಿ, ಗದ್ದೆಗೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ ಅಂಗಡಿ ಇಟ್ಟ. ಅವಳು ಎಂ.ಎ. ಸೇರಿ ‘ಅಂಗವೈಕಲ್ಯ ಮತ್ತು ಸಮಾಜ’ ಎಂಬ ವಿಷಯ ಆರಿಸಿಕೊಂಡಳು. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ.

ಸಂದರ್ಶನದ ಕೆಲಸ ಬಂದಾಗ ಮೇಷ್ಟರು ಒಂದು ನಿಯಮ ಹೇಳಿದರು. ಆಪ್ತರನ್ನು ನಾವೇ ಸಂದರ್ಶಿಸಬಾರದು; ಜೊತೆಗಾರರು ಮಾತಾಡಿಸಬೇಕು, ನಾವು ಕೇಳಿ ಟೈಪ್ ಮಾಡಬೇಕು. ಹಾಗಾಗಿ ಸಿದ್ಧಲಿಂಗೇಶನ ನಂಬರನ್ನು ಸಹಪಾಠಿ ಪ್ರಿಯಂವದಾಳಿಗೆ ಕೊಟ್ಟವಳು ನೀಲಾಂಬಿಕಳೇ.

ಪ್ರಿಯಂವದಾ ಸೊರಬಕ್ಕೆ ಹೋಗಿ ಮಾಡಿಕೊಂಡು ಬಂದ ರೆಕಾರ್ಡಿಂಗ್ ಒಂದೂವರೆ ಗಂಟೆ ಇತ್ತು. ಒಂದೂವರೆ ಗಂಟೆ! ಅವಳ ಜೊತೆ ಅವನು ಒಂದೇ ಸಮನೆ ಐದು ನಿಮಿಷ ಮಾತಾಡಿದ್ದು ನೆನಪಿಲ್ಲ.

“ನಮ್ಮ ಕಡೆ ಮದುವೇಲಿ ಫೋಟೋ ಅಂದ ಕೂಡ್ಲೇ ನಂಗೊಂದು ಕುರ್ಚಿ ಬರ್ತದೆ,” ಅವನು ಇಯರ್‌ಫೋನಿನಲ್ಲಿ ಹೇಳುತ್ತಿದ್ದ. “ಕೂರ್ಸಿ, ಮುಂದೆ ಸಣ್ಣ ಮಕ್ಳನ್ನ ನಿಲ್ಲಿಸ್ತಾರೆ. ಕಾಲು ಕಾಣ್ಬಾರ್ದು ಅಂತ. ಹನ್ನೆರಡು ಮದುವೆ ಫೋಟೋ ಇದಾವೆ, ಒಂದ್ರಲ್ಲೂ ನಾನು ನಿಂತಿಲ್ಲ.”

ಪ್ರಿಯಂವದಾ ನಕ್ಕಳು. ಅವನೂ ನಕ್ಕ. ಆ ನಗುವನ್ನು ನೀಲಾಂಬಿಕ ಮೊದಲು ಕೇಳಿರಲಿಲ್ಲ.

“ಇಷ್ಟು ಬಿಚ್ಚಿ ಕೇಳಿದೋರು ನೀವೇ ಮೊದಲು ಕಣ್ರಿ.”

ಆ ಸಾಲನ್ನು ಟೈಪ್ ಮಾಡಿದಳು. ಬಹಳ ಹೊತ್ತು ನೋಡಿದಳು. ಅಳಿಸಿದಳು.

ಕೊನೆಗೆ ಪ್ರಿಯಂವದಾ ಕೇಳಿದ್ದಳು: “ಮದುವೆ ಯೋಚನೆ ಇದೆಯಾ? ಮನಸ್ಸಲ್ಲಿ ಯಾರಾದ್ರೂ?”

ಉತ್ತರವಿಲ್ಲ. ಮೌನವನ್ನೂ ಅಳೆದು ಬರೆಯಬೇಕು. ಅವಳು ಮೂರು ಸಲ ಎಣಿಸಿದಳು. ಹತ್ತೊಂಬತ್ತು ಸೆಕೆಂಡ್. ಎದುರಿಗೆ ಕೂತವಳ ಮುಖ ನೋಡುತ್ತಿದ್ದನೇ?

ಸಂಜೆ ಪ್ರಿಯಂವದಾ ಫೋನ್ ಮಾಡಿದಳು. “ಎಷ್ಟು ಚಂದ ಮಾತಾಡ್ತಾರೆ ಕಣೇ. ಇನ್ನೊಂದ್ಸಲ ಹೋಗಿ ಬರ್ತೀನಿ.”

“ಹೋಗು,” ಎಂದಳು ನೀಲಾಂಬಿಕ. ಫೋನ್ ಇಟ್ಟು ಮತ್ತೆ ಇಯರ್‌ಫೋನ್ ಹಾಕಿಕೊಂಡಳು.

ಬರೆದದ್ದನ್ನು ಮಾತಾಡಿದವರಿಗೇ ಓದಿ ಹೇಳಿ ಸಹಿ ಪಡೆಯಬೇಕು. ಅದು ಟೈಪ್ ಮಾಡಿದವರ ಕೆಲಸ. ಮರುದಿನ ಸೊರಬದ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಅವನು ಇನ್ನೊಬ್ಬಳಿಗೆ ಹೇಳಿದ ಮಾತುಗಳನ್ನು ಅವಳು ಅವನಿಗೇ ಓದಿದಳು. ಅವನು ಪಂಪಿನ ಮೂತಿಯನ್ನು ತಂತಿಯಿಂದ ಕೆದಕುತ್ತ ಕೇಳಿಸಿಕೊಂಡ.

“ಒಂದು ಮಾತು ಬಿಟ್ರಲ್ಲ,” ಎಂದ. “ಕೇಳಿದೋರು ನೀವೇ ಮೊದಲು ಅಂತ ಅವರಿಗೆ ಅಂದಿದ್ದೆ.”

“ಕೇಳಿಸ್ಲಿಲ್ಲ.”

“ಹತ್ತೊಂಬತ್ತು ಸೆಕೆಂಡ್ ಮೌನ ಕೇಳಿಸ್ತದೆ, ಮಾತು ಕೇಳಿಸಲ್ವ?”

ಅವಳು ಹಾಳೆಯನ್ನು ಮಡಿಲ ಮೇಲಿಟ್ಟಳು.

“ಅಳಿಸ್ದೆ. ಹೊಟ್ಟೆಕಿಚ್ಚಿಗೆ. ಮೂರು ವರ್ಷ ನಿಮ್ಮ ಬ್ಯಾಗ್ ಹೊತ್ತೋಳಿಗೆ ಹೇಳದ್ದನ್ನ ಒಂದೇ ಮಧ್ಯಾಹ್ನದಾಗ ಅವಳಿಗೆ ಹೇಳಿದ್ರಿ.”

“ಅವರು ಕೇಳಿದ್ರು. ನೀವು ಕೇಳ್ಲೇ ಇಲ್ಲ.”

“ನಿಮಗೆ ನೋವಾಗ್ತದೆ ಅಂತ...”

ಅವನು ತಂತಿ ಕೆಳಗಿಟ್ಟ. “ನಾನು ಎಂತ ತಿಳ್ಕಂಡಿದ್ದೆ ಗೊತ್ತಾ? ನಮ್ಮನೇರು ಕಾಲಿಗೆ ಮಕ್ಳನ್ನ ಅಡ್ಡ ನಿಲ್ಲಿಸ್ತಾರೆ, ನೀವು ಚಪ್ಪಲಿ ನೆಪ ಅಡ್ಡ ಇಡ್ತೀರಿ ಅಂತ. ಯಾವ ಅಂಗಡೀದು ಮಾರಾಯ್ತಿ ಅದು, ಮೂರು ವರ್ಷ ದಿನಾ ಕಿತ್ತು ಹೋಗ್ತಿತ್ತಲ್ಲ?”

ಅವಳಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. ತನ್ನ ಪ್ರೀತಿ ಅವನ ಕಣ್ಣಿಗೆ ನಾಚಿಕೆಯಂತೆ ಕಂಡಿತ್ತೇ! ಇಷ್ಟೆಲ್ಲ ಪುಸ್ತಕ ಓದಿ ಅವಳು ಕಾಣದೇ ಹೋದದ್ದು ತನ್ನನ್ನೇ.

ಪೆನ್ನು ತೆಗೆದು ಆ ಸಾಲನ್ನು ಅಂಚಿನಲ್ಲಿ ಬರೆದಳು. ಆಮೇಲೆ ತಲೆಯೆತ್ತಿದಳು.

“ಕಾಲಿಗೆ ಏನಾಗಿತ್ತು?”

“ರೆಕಾರ್ಡಿಂಗಲ್ಲಿ ಇತ್ತಲ್ಲ.”

“ಅದು ಅವಳಿಗೆ ಹೇಳಿದ್ದು. ನನಗೆ ಹೇಳ್ರಿ.”

ಅವನು ಹೇಳಿದ. ಒಂಬತ್ತು ವರ್ಷದವನಿದ್ದಾಗ ಕೆಸರುಗದ್ದೆಯಲ್ಲಿ ಟಿಲ್ಲರ್ ಮಗುಚಿ ಮೈಮೇಲೆ ಬಿದ್ದದ್ದು, ಆಸ್ಪತ್ರೆಯಿಂದ ಬಂದ ದಿನ ಶಾಲೆಯ ಗೆಳೆಯರು ಆಟಕ್ಕೆ ಕರೆಯದೆ ಪಾಯಿಂಟ್ ಲೆಕ್ಕ ಬರೆಯಲು ಕೂರಿಸಿದ್ದು... ಅವಳು ಕಣ್ಣು ತಪ್ಪಿಸಲಿಲ್ಲ.

“ಮದುವೆ ಅಂದಾಗ ಯಾಕೆ ಸುಮ್ಮನಾದ್ರಿ?”

“ಒಂದು ಹೆಸರು ಬಾಯಿಗೆ ಬಂದಿತ್ತು. ಟೈಪ್ ಮಾಡೋರು ನೀವು ಅಂತ ಅವರು ಮೊದಲೇ ಹೇಳಿದ್ರಲ್ಲ, ಅದು ನೆನಪಾಯ್ತು.”

ಅಂಗಡಿಯೊಳಗೆ ಎಷ್ಟು ಸೆಕೆಂಡ್ ಕಳೆದವೋ, ಯಾರೂ ಎಣಿಸಲಿಲ್ಲ.

“ಆ ಹೆಸರನ್ನ ಅಳಿಸ್ತಿರ್ಲಿಲ್ಲ,” ಎಂದಳು ಮೆಲ್ಲಗೆ.

ಅವನು ಸಹಿ ಹಾಕಿದ. ಬಸ್ಸಿನವರೆಗೆ ಬರುತ್ತೇನೆಂದು ಬ್ಯಾಗ್ ತೆಗೆದುಕೊಂಡು ಎದ್ದ. ಅಂಗಡಿಗೆ ಎರಡು ಮೆಟ್ಟಿಲು. ಅವಳು ಅಭ್ಯಾಸದಂತೆ ಅವನ ಬ್ಯಾಗಿಗೆ ಕೈ ಹಾಕಿದಳು.

“ಬ್ಯಾಗ್ ಬೇಡ. ಕೈ ಹಿಡ್ಕ, ನೀಲಾ.”

“ಇಳಿಯೋಕಾ?”

“ಇಳಿಯೋಕೆ ನಂಗೆ ಬರ್ತದೆ.”