ಒಂದೇ ಸೀಟಿನ ವಿಮಾನ

"ಈ ಸಲ ಒಂದೇ ಸೀಟಿಂದು," ಎಂದ ಓರಿನ್, ಸೇಬಿನ ಪೈಗೆ ಫೋರ್ಕ್ ಚುಚ್ಚುತ್ತಾ. "ಪುಟ್ಟದು. ರೆಕ್ಕೆಯೆಲ್ಲ ಮರದ್ದು. ಒಬ್ಬನೇ ಕೂತ್ಕೊಂಡು ಹಕ್ಕಿ ಥರ ಹೋಗ್ಬಿಡಬಹುದು."

ಶೆಡ್ಡಿನಲ್ಲಿದ್ದವರು ನಕ್ಕರು. ಲೋರ್ನಾ ನಗಲಿಲ್ಲ. ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಕಿಟಕಿಯಾಚೆಯ ಮುಸುಕಿನ ಜೋಳದ ಹೊಲ ನೋಡುತ್ತ ಕೂತಳು.

ಅಯೋವಾದ ಆ ಸಣ್ಣ ವಿಮಾನ ಮೈದಾನದಲ್ಲಿ ಶನಿವಾರ ಬೆಳಿಗ್ಗೆ ಸೇರುವ ಪೈಲಟ್ಟುಗಳಿಗೆ ಒಂದು ಆಟವಿತ್ತು. ಕೈಯಲ್ಲಿ ದುಡ್ಡಿದ್ದರೆ ಯಾವ ವಿಮಾನ ಕೊಳ್ಳುತ್ತೀಯ? ಯಾರ ಕೈಯಲ್ಲೂ ದುಡ್ಡಿರಲಿಲ್ಲವಾದ್ದರಿಂದ ಆಟ ಮುಗಿಯುತ್ತಲೂ ಇರಲಿಲ್ಲ. ಆಕಾಶಕ್ಕೆ ಏಣಿ ಹಾಕುವುದರಲ್ಲಿ ಓರಿನ್‌ನನ್ನು ಮೀರಿಸುವವರು ಅಲ್ಲಿರಲಿಲ್ಲ. ಊರೂರಿನ ಚರ್ಚುಗಳ ಪಿಯಾನೋಗಳನ್ನು ಶ್ರುತಿ ಮಾಡುವುದು ಅವನ ಕಸುಬು. ಅವನ ಕನಸಿಗೆ ಮಾತ್ರ ಒಂದು ಶ್ರುತಿ ಎಂಬುದಿರಲಿಲ್ಲ, ವಾರಕ್ಕೊಂದು ವಿಮಾನ.

ಒಂದು ವಾರ ಎರಡಂತಸ್ತಿನ ರೆಕ್ಕೆಯ ಹಳೇ ಸ್ಟ್ಯಾಗರ್‌ವಿಂಗ್. "ಚರ್ಮದ ಸೀಟು ಲೋರ್ನಾ, ಕಾಲು ಚಾಚ್ಕೊಂಡು ಕೂರ್ಬಹುದು ನೀನು." ಇನ್ನೊಂದು ವಾರ ನೀರಿನ ಮೇಲೆ ಇಳಿಯುವಂಥದ್ದು. "ನಾನು ಮೀನು ಹಿಡೀತೀನಿ, ನೀನು ರೆಕ್ಕೆ ಮೇಲೆ ಕೂತ್ಕೊಂಡು ಬೈತಾ ಇರು." ಮತ್ತೊಂದು ವಾರ, ಎಂಜಿನ್ ಕೈಕೊಟ್ಟರೆ ಇಡೀ ವಿಮಾನವನ್ನೇ ಪ್ಯಾರಾಚೂಟ್‌ನಲ್ಲಿ ಇಳಿಸುವ ಸಿರಸ್. "ನಿಂಗೆ ಭಯ ಇರಲ್ಲ ನೋಡು."

"ನಂಗೆ ಯಾವತ್ತು ಭಯ ಆಗಿತ್ತು?" ಎಂದು ಲೋರ್ನಾ ಆಗ ರೇಗಿದ್ದಳು.

ಸ್ಕೂಲ್ ಬಸ್ಸುಗಳ ಡಿಪೋ ನಡೆಸುವ ಹೆಂಗಸು ಅವಳು. ಕೆಟ್ಟ ಬಸ್ಸು, ಅದಕ್ಕಿಂತ ಕೆಟ್ಟ ಡ್ರೈವರುಗಳು, ಡಿವೋರ್ಸ್ ಆದ ಗಂಡ, ಎಲ್ಲವನ್ನೂ ನಿಭಾಯಿಸಿದ್ದಳು. ಓರಿನ್ ಒಬ್ಬನನ್ನು ನಿಭಾಯಿಸುವುದು ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಒಬ್ಬರೇ ವಿಮಾನ ಸಾಕುವ ಶಕ್ತಿಯಿಲ್ಲದೆ, ಇಬ್ಬರೂ ಅರ್ಧರ್ಧ ಹಾಕಿ ಒಂದು ಹಳೇ ಸೆಸ್ನಾ ಕೊಂಡು ಆರು ವರ್ಷವಾಗಿತ್ತು. ಹೋಗುವಾಗ ಒಬ್ಬರು ಹಾರಿಸಿದರೆ ಬರುವಾಗ ಇನ್ನೊಬ್ಬರು. ಆರು ವರ್ಷ ಪಕ್ಕಪಕ್ಕದ ಸೀಟಿನಲ್ಲಿ ಭುಜ ತಾಗಿಸಿಕೊಂಡು ಕೂತ ಈ ಮನುಷ್ಯ ಎಂಜಿನ್ನು, ರೆಕ್ಕೆ, ಚಕ್ರಗಳ ವಿಷಯ ಬಿಟ್ಟು ಬೇರೆ ಮಾತಿಗೆ ಬಾಯಿ ಬಿಟ್ಟಿದ್ದಿಲ್ಲ.

ಈಗ ಆ ಸೆಸ್ನಾಗೇ ಗಿರಾಕಿ ಬಂದಿದ್ದ. ಪಕ್ಕದ ಜಿಲ್ಲೆಯ ದನದ ಡಾಕ್ಟರು ಪ್ರೂಯಿಟ್. ಸ್ನೇಹಿತನ ವಿಮಾನ ಕೇಳಿ ಪಡೆದು ಇವತ್ತೇ ಹಾರಿಬರುತ್ತಿದ್ದ, ನೋಡಿ ವ್ಯಾಪಾರ ಮುಗಿಸಿಬಿಡಲು. ಇಬ್ಬರೂ ಒಪ್ಪಿದರೆ ಮಾತ್ರ ಮಾರಾಟ. "ನಿನ್ನಿಷ್ಟ," ಎಂದು ಓರಿನ್ ಭಾರವನ್ನು ಅವಳ ತಲೆಗೆ ಕಟ್ಟಿದ್ದ. ಸೆಸ್ನಾ ಹೋದರೆ ಶನಿವಾರ ಹೋಯಿತು. ಶನಿವಾರ ಹೋದರೆ ಓರಿನ್ ಹೋದ ಹಾಗೆಯೇ. ಅವನೋ, ಒಂದೇ ಸೀಟಿನ ಕನಸು ಕಾಣುತ್ತ ಪೈ ತಿನ್ನುತ್ತಿದ್ದ.

"ಏಳು," ಎಂದಳು ಲೋರ್ನಾ. "ಡಾಕ್ಟರು ಬರೋ ಮೊದಲು ಒಂದು ಸುತ್ತು ಹಾಕಿ ಎಂಜಿನ್ ಬಿಸಿ ಮಾಡಿಡೋಣ."

"ಪೈ ಇನ್ನೂ ಅರ್ಧ ಇದೆ."

"ಓರಿನ್."

ಎದ್ದ.

ಎಡಗಡೆ ಅವನು, ಬಲಗಡೆ ಅವಳು. ಕಿವಿಗೆ ಹೆಡ್‌ಸೆಟ್. ಒಳಗೊಳಗೆ ಅದರಲ್ಲೇ ಮಾತಾಡಿಕೊಳ್ಳಬಹುದು; ಹೊರಗಿನವರಿಗೆ ಕೇಳಿಸಬೇಕಾದರೆ ಮಾತ್ರ ಅವರವರ ಕಡೆಯ ಬಟನ್ ಒತ್ತಬೇಕು. ಟವರ್ ಇಲ್ಲದ ಮೈದಾನವಾದ್ದರಿಂದ ಅವರವರು ಎಲ್ಲಿದ್ದೇವೆಂದು ಅವರವರೇ ರೇಡಿಯೋದಲ್ಲಿ ಹೇಳಿಕೊಳ್ಳಬೇಕು. ಸುತ್ತಲಿನ ನಾಲ್ಕೈದು ಮೈದಾನಕ್ಕೂ ಅದೊಂದೇ ಚಾನೆಲ್. ಓರಿನ್ ಚುಕ್ಕಾಣಿಯ ಮೇಲಿನ ಬಟನ್ ಒತ್ತಿ, ಹೊರಟೆವೆಂದು ಹೇಳಿ, ಮೇಲೇರಿಸಿದ.

"ಲೋರ್ನಾ, ಒಂದು ಮಾತು..."

"ಸಾವಿರ ಅಡಿ ಏರೋವರೆಗೆ ಹರಟೆ ಬೇಡ. ನೀನೇ ಮಾಡಿದ ರೂಲು."

ಸಾವಿರ ಅಡಿ ಏರಿತು. ಕೆಳಗೆ ಹಸಿರು ಹೊಲಗಳು ಚೌಕಾಬಾರದ ಮನೆಗಳಂತೆ ಚೊಕ್ಕವಾಗಿ ಹರಡಿದ್ದವು. ಓರಿನ್ ಪೆಟ್ರೋಲಿನ ಮುಳ್ಳು ನೋಡಿದ, ಎಣ್ಣೆಯ ಮುಳ್ಳು ನೋಡಿದ. ಅವನ ಕತ್ತು ಕೆಂಪಾಗುತ್ತ ಬಂತು. ಲೋರ್ನಾ ಓರೆಗಣ್ಣಲ್ಲಿ ಅದನ್ನು ನೋಡಿದಳು. ನೋಡಿ ಇನ್ನಷ್ಟು ರೇಗಿತು.

"ಹೇಳು."

"ಏನಿಲ್ಲ. ನೀನು ಬಂಡೆ ಥರ ಕೂತ್ಕೊಂಡಿದ್ದೀಯಲ್ಲ, ಅದಕ್ಕೆ..."

"ಒಂದೇ ಸೀಟಂತೆ. ನಾಚಿಕೆ ಆಗಲ್ವಾ ನಿಂಗೆ? ನೀರಿನ ಮೇಲಿಳಿಯೋ ವಿಮಾನದಲ್ಲೂ ನಂಗೊಂದು ಜಾಗ ಇತ್ತು. ಇದರಲ್ಲಿ ನಾನು ಎಲ್ಲಿ ಕೂರ್ಬೇಕು, ಬಾಲದ ಮೇಲಾ?"

ಓರಿನ್ ತಿರುಗಿ ಅವಳ ಮುಖ ನೋಡಿದ. "ನೀನೇ ಅಂದಿದ್ದು. ಹೋದ ವಾರ, ಎಲ್ಲರ ಎದುರಿಗೆ. ನೀನು ಯಾವ ವಿಮಾನ ಕೊಂಡ್ರೂ ನಾನು ಅದರಲ್ಲಿ ಕಾಲಿಡಲ್ಲ ಅಂತ."

"ರೇಗಿ ಹೇಳಿದ ಮಾತದು."

"ನಂಗೆ ಹೇಗೆ ಗೊತ್ತಾಗ್ಬೇಕು? ನೀನು ಯಾವಾಗ್ಲೂ ರೇಗ್ತಾನೇ ಇರ್ತೀಯ."

"ಯಾಕೆ ರೇಗ್ತೀನಿ ಅಂತ ಒಂದು ದಿನ ಕೇಳಿದ್ದೀಯಾ? ಆರು ವರ್ಷದಿಂದ ರೆಕ್ಕೆ ಉದ್ದ, ಟ್ಯಾಂಕ್ ಎಷ್ಟು ಹಿಡಿಯುತ್ತೆ, ಇದೇ ಪುರಾಣ. ವಾರದಲ್ಲಿ ಮೂರು ಸಂಜೆ ಎಣ್ಣೆ ಡಬ್ಬಿ ನೆಪ ಮಾಡ್ಕೊಂಡು ನನ್ನ ಮನೆ ಬಾಗಿಲಿಗೆ ಬರ್ತೀಯ. ಯಾಕೆ ಬರ್ತೀಯ ಅಂತ ನನ್ನ ಬೆಕ್ಕಿಗೂ ಗೊತ್ತು. ನಿಂಗೊಬ್ಬನಿಗೆ ಗೊತ್ತಿಲ್ಲ."

"ಬೆಕ್ಕಿನ ವಿಷಯ ಈಗ ಯಾಕೆ?"

ಲೋರ್ನಾ ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡಳು. ಇವನನ್ನು ಇಲ್ಲೇ ಬಾಗಿಲು ತೆಗೆದು ಹೊಲಕ್ಕೆ ಎಸೆದುಬಿಟ್ಟರೆ ಯಾವ ಜಡ್ಜಿಯೂ ಶಿಕ್ಷೆ ಕೊಡುವುದಿಲ್ಲ ಎನಿಸಿತು.

ಓರಿನ್ ಗಾಜಿನ ಮೇಲಿನ ಕಲೆಯೊಂದನ್ನು ಹೆಬ್ಬೆರಳಿನಿಂದ ಉಜ್ಜಿದ. ಆಮೇಲೆ, ಬಿಗಿದ ತಂತಿಯನ್ನು ಮೆಲ್ಲಗೆ ಸಡಿಲಿಸುವವನಂತೆ, ಶುರು ಮಾಡಿದ.

"ನಂಗೆ ಬೇರೆ ಥರ ಹೇಳೋಕೆ ಬರಲ್ಲ, ಲೋರ್ನಾ. ಒಂದು ವಿಮಾನ ಯೋಚನೆ ಮಾಡ್ದಾಗೆಲ್ಲ ಮೊದ್ಲು ನಿನ್ನ ಕೂರಿಸ್ತೀನಿ. ಆಮೇಲೆ ಎಂಜಿನ್ನು. ನೀನು ಬರಲ್ಲ ಅಂದಾಗ... ಪಕ್ಕದಲ್ಲಿ ಖಾಲಿ ಸೀಟು ಇಟ್ಕೊಂಡು ಹಾರೋಕಿಂತ ಸೀಟೇ ಇಲ್ದಿರೋದು ವಾಸಿ ಅನ್ನಿಸ್ತು. ಅಷ್ಟೇ."

ಎಂಜಿನ್ ತನ್ನ ಪಾಡಿಗೆ ಗುರುಗುಡುತ್ತಿತ್ತು. ಲೋರ್ನಾ ಕಿಟಕಿಯ ಕಡೆ ತಿರುಗಿದಳು, ಕಣ್ಣು ಒರೆಸಿಕೊಳ್ಳುವುದು ಕಾಣದಿರಲೆಂದು. ಆರು ವರ್ಷ ಹಿಡಿಯಿತೇ ಇಷ್ಟು ಹೇಳಲು, ಹಾಳಾದವನೇ.

"ನನ್ನ ಮದ್ವೆ ಆಗ್ತೀಯಾ?" ಎಂದ ಓರಿನ್, ಎದುರಿನ ಗಾಜಿಗೆ ಹೇಳುವವನಂತೆ.

"ಆಗ್ತೀನಿ. ಮೊದ್ಲು ಎತ್ತರ ನೋಡು. ಮುನ್ನೂರು ಅಡಿ ಇಳಿದಿದ್ದೀಯ."

ಅವನು ನೋಡಿದ. ಹೌದು, ಇಳಿದಿದ್ದ. ಸರಿಪಡಿಸಿದ ಮೇಲೆ ಅವನ ಬಲಗೈ ಚುಕ್ಕಾಣಿ ಬಿಟ್ಟು ಅವಳ ಕೈ ಹುಡುಕಿತು. ಮೈದಾನಕ್ಕೆ ವಾಪಸು ಬರುವವರೆಗೂ ಒಂದೇ ಕೈಯಲ್ಲಿ ಹಾರಿಸಿದ. ಲೋರ್ನಾ ಅದಕ್ಕೂ ಬೈಯಬೇಕೆಂದುಕೊಂಡಳು, ಬೈಯಲಿಲ್ಲ.

ಮೈದಾನದ ಮೇಲೆ ಒಂದು ಬಿಳಿ ವಿಮಾನ ಗಿರಕಿ ಹೊಡೆಯುತ್ತಿತ್ತು.

"ಡಾಕ್ಟರು," ಎಂದಳು ಲೋರ್ನಾ. "ಯಾಕೆ ಇಳೀತಿಲ್ಲ? ಇಳಿಸೋಕೆ ಬರಲ್ವೇನೋ. ಇಂಥವನಿಗೆ ವಿಮಾನ ಮಾರೋದಾ?"

"ರೇಡಿಯೋದಲ್ಲೂ ಯಾರ ಸದ್ದೂ ಇಲ್ಲ," ಎಂದ ಓರಿನ್. "ಶನಿವಾರ ಇಷ್ಟು ಮೌನ ಎಲ್ಲಿತ್ತು?"

ಇಳಿದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಕಾಫಿ ಗುಂಪೆಲ್ಲ ಹೊರಗೇ ನಿಂತಿತ್ತು. ಮುಂದೆ ಮೈದಾನದ ಯಜಮಾನ ಗಸ್ ಮುದುಕ, ಕೈಯಲ್ಲಿ ರೇಡಿಯೋ. ಲೋರ್ನಾ ನಲವತ್ತು ದಾಟಿದ್ದರೂ ಅವನಿಗೆ ಮಗಳೇ.

"ಓರಿನ್," ಎಂದ ಗಸ್, "ನಿನ್ನ ಕಡೆ ಮೈಕಿನ ಬಟನ್ ಅಂಟ್ಕೊಂಡಿದೆ. ಹೊರಡುವಾಗ ಒತ್ತಿದ್ದು ಮೇಲೆ ಬಂದೇ ಇಲ್ಲ. ನೀನು ಮಾತಾಡಿದ್ದು ಮೂರು ಜಿಲ್ಲೆಗೆ ಕೇಳಿಸ್ತು. ಚಾನೆಲ್ ನೀನೇ ಹಿಡ್ಕೊಂಡಿದ್ರಿಂದ ಇನ್ನೊಬ್ಬ ನರಪಿಳ್ಳೆಗೆ ಬಾಯಿ ಹಾಕೋಕೆ ಆಗ್ಲಿಲ್ಲ."

ಓರಿನ್ ವಿಮಾನದೊಳಕ್ಕೆ ಬಗ್ಗಿ ಬಟನ್ನನ್ನು ಉಗುರಿನಿಂದ ಮೀಟತೊಡಗಿದ.

"ನಾನು ಹೇಳಿದ್ದು?" ಎಂದಳು ಲೋರ್ನಾ.

"ಅದೇ ಅಲ್ವಾ ಗೋಳು. ನಿನ್ನ ಬಟನ್ ಸರಿಯಾಗಿದೆ. ನಿಂದು ಒಂದಕ್ಷರ ಕೇಳಿಸ್ಲಿಲ್ಲ. ಇವನು ಬಂಡೆ ಅಂತಾನೆ, ಸುಮ್ನಾಗ್ತಾನೆ. ಬೆಕ್ಕು ಅಂತಾನೆ, ಸುಮ್ನಾಗ್ತಾನೆ. ಆಮೇಲೆ ಮದ್ವೆ ಆಗ್ತೀಯಾ ಅಂತಾನೆ, ಸುಮ್ನಾಗ್ತಾನೆ. ಮತ್ತೆ ಬಾಯಿ ಬಿಟ್ಟಿದ್ದು ರೇಡಿಯೋದಲ್ಲಿ ಸದ್ದಿಲ್ಲ ಅನ್ನೋಕೆ. ನನ್ನ ರಕ್ತದೊತ್ತಡ ಏನಾಗ್ಬೇಕು?"

ಅಷ್ಟರಲ್ಲಿ ಬಿಳಿ ವಿಮಾನ ಇಳಿದು ಬಂತು. ಡಾಕ್ಟರು ಪ್ರೂಯಿಟ್ ಎಂಜಿನ್ ಆರಿಸಿದವನೇ ಇಳಿದು ದಾಪುಗಾಲು ಹಾಕಿಕೊಂಡು ಬಂದ.

"ಬೇಕಿದ್ರೆ ಆಗ್ಲೇ ಇಳೀಬಹುದಿತ್ತು," ಎಂದ ಸಿಡಿಮಿಡಿಯಿಂದ. "ಇಳಿಯೋ ಗಡಿಬಿಡಿಯಲ್ಲಿ ಉತ್ತರ ತಪ್ಪಿಹೋದೀತು ಅಂತ ಸುತ್ತು ಹಾಕ್ದೆ. ಪೆಟ್ರೋಲ್ ಸುಟ್ಟಿದ್ದೇ ಬಂತು. ಏನಮ್ಮ, ಏನು ಹೇಳಿದ್ರಿ?"

ಲೋರ್ನಾ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಆರು ವರ್ಷ ಅವಳು ಕಾದು ಕಾದು ಬೆಂದ ಹಾಗೆ ಇವತ್ತು ಇಡೀ ಮೈದಾನ ಬೇಯುತ್ತಿತ್ತು. ಇನ್ನೊಂದು ನಿಮಿಷ ಬೇಯಲಿ ಎನಿಸಿತು.

"ಡಾಕ್ಟ್ರೇ, ಈ ವಿಮಾನದ ಬಟನ್ ಕೆಟ್ಟಿದೆ. ಕೆಟ್ಟ ಮಾಲನ್ನ ನಿಮ್ಮ ತಲೆಗೆ ಕಟ್ಟೋಕೆ ನಂಗೆ ಮನಸ್ಸಿಲ್ಲ. ನಾವೇ ಇಟ್ಕೋತೀವಿ."

"ಅದು ಉತ್ತರ ಅಲ್ಲ ಮಗಳೇ," ಎಂದ ಗಸ್.

ಲೋರ್ನಾ ಓರಿನ್‌ನ ಅಂಗಿಯ ಕಾಲರ್ ಹಿಡಿದು ಬಗ್ಗಿಸಿ, ಅಷ್ಟು ಜನರ ಎದುರಿಗೆ, ನಿಧಾನವಾಗಿ ಅವನ ತುಟಿಗೆ ಮುತ್ತಿಟ್ಟಳು.

"ಈಗ ಕೇಳಿಸ್ತಾ?" ಎಂದಳು.