ಕೆಳಗಿನ ಕೋಣೆಗೆ ಮಾಡದ ಫೋನ್

ಬಾಗಿಲು ತೆರೆದವನ ಮುಖವನ್ನು ಅವಳು ಅದೇ ಮೊದಲ ಬಾರಿಗೆ ನೋಡಿದ್ದು. ನೋಡಿದವಳೇ ತಲೆ ತಗ್ಗಿಸಿದಳು.

ಒಂದು ವರ್ಷದಿಂದ ಬರೀ ಫೋನಿನಲ್ಲೇ ಪರಿಚಯ. ಆಸ್ಪತ್ರೆಯ ಮೇಲಿನ ಮಹಡಿಯ ಕಂಪ್ಯೂಟರ್ ವಿಭಾಗದಲ್ಲಿ ಅವಳು, ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಅವನು. ಮೇಲಿನವರೆಲ್ಲ ಅವನನ್ನು 'ಪಾತಾಳ' ಎಂದೇ ಕರೆಯುತ್ತಿದ್ದರು.

"ಬನ್ನಿ ಮೇಡಂ, ಕೀಬೋರ್ಡ್ ಸಿಕ್ಕಿಸಿಟ್ಟಿದ್ದೀನಿ," ಎಂದ.

ಇವರಿಗೆ ಸಿಟ್ಟೇ ಬರಲ್ವಾ? ನಾಲ್ಕು ಮಾತು ಬೈದುಬಿಟ್ಟಿದ್ದರೂ ಆಗ್ತಿತ್ತು... ಎಂದುಕೊಂಡಳು.

ಆಗಿದ್ದಿಷ್ಟು. ಯಾವ ಸರ್ವರ್‌ಗೆ ಯಾರು ಬರಬಹುದು, ಯಾರು ಬರಬಾರದು ಎಂಬ ಫೈರ್‌ವಾಲ್ ನಿಯಮ ಬರೆಯುವುದು ಅವಳ ಕೆಲಸ. ಒಂದೊಂದಕ್ಕೂ ಹೋಗಿ ಬರೆಯುವ ಗೋಳಿಲ್ಲ. ಒಂದು ಕಡೆ ಬರೆದು ಗುಂಡಿ ಒತ್ತಿದರೆ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಅದನ್ನು ಎಲ್ಲ ಸರ್ವರ್‌ಗಳಿಗೂ ಹಂಚಿಬರುತ್ತದೆ. ತಪ್ಪು ಬರೆದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಹಂಚುತ್ತದೆ!

ಹಾಗಾಗಿ ಅಲ್ಲೊಂದು ಪದ್ಧತಿ. ಮೊದಲು ಕೆಳಗೆ ಫೋನ್ ಮಾಡಬೇಕು, ಅವನು ಒಂದು ಸರ್ವರ್ ಎದುರು ನಿಂತಿರಬೇಕು, ಅದೊಂದರ ಮೇಲೆ ಪ್ರಯೋಗಿಸಿ ಅವನು ಸರಿ ಎಂದ ಮೇಲೆಯೇ ಮಿಕ್ಕವಕ್ಕೆ ಕಳಿಸಬೇಕು.

ಆ ಫೋನಿನ ನೆಪದಲ್ಲಿ ಇಬ್ಬರ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ನಿನ್ನೆ ಅವನು, ಒಮ್ಮೆ ಭೇಟಿಯಾಗೋಣವೇ ಎಂದು ಕೇಳಿದ. ಇವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಫೋನ್ ಇಟ್ಟುಬಿಟ್ಟಳು. ಮೂರು ಹೊತ್ತೂ ಅವನ ಮಾತೇ ಆಡುತ್ತಿದ್ದವಳಿಗೆ ಈಗ ಬಾಯಿ ಬಿದ್ದುಹೋಯಿತೇ ಎಂದು ಮನೆಯಲ್ಲಿ ಅಕ್ಕ ಗೇಲಿ ಮಾಡಿದಳು.

ಇಂದು ಬೆಳಗ್ಗೆ ಅವನ ಧ್ವನಿ ಕೇಳಲು ಸಂಕೋಚ. ಫೋನ್ ಮಾಡದೆ ನೇರ ಎಲ್ಲಕ್ಕೂ ಕಳಿಸಿದಳು. 'ನಮ್ಮವರನ್ನು ಬಿಡು' ಎಂಬ ಸಾಲಿನ ಕೆಳಗಿರಬೇಕಾದ 'ಯಾರನ್ನೂ ಬಿಡಬೇಡ' ಎಂಬ ಸಾಲು ಮೇಲೆ ಕೂತಿತ್ತು. ಸರ್ವರ್ ಪಾಲಿಸುವುದು ಮೇಲಿನ ಸಾಲನ್ನೇ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸರ್ವರ್‌ಗಳೆಲ್ಲ ಬಾಗಿಲು ಹಾಕಿಕೊಂಡವು. ಬರೆದ ಅವಳಿಗೂ ಮೇಲಿನಿಂದ ಪ್ರವೇಶವಿಲ್ಲ, ಕೆಳಗಿಳಿದು ಯಂತ್ರದ ಎದುರೇ ನಿಂತು ತಿದ್ದಬೇಕು. ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಸಾಲು ಮೆಟ್ಟಿಲವರೆಗೂ ಬೆಳೆಯಿತು.

ಕೆಳಗೆ ಯಾರಾದರೂ ಕೇಬಲ್ ಕಿತ್ತರೇ ಎಂದು ಮ್ಯಾನೇಜರ್ ಓಡಿಬಂದು ಕೇಳಿದರು.

"ಇರಬಹುದು ಸರ್."

ಅಷ್ಟೇ ಅಂದಿದ್ದು. ಅವರು ಅವಳೆದುರೇ ಸ್ಪೀಕರ್ ಹಾಕಿ ಅವನನ್ನು ಜಾಡಿಸಿದರು, ನಾಳೆಯಿಂದ ಬರಬೇಡ ಎಂದರು. ಅವನು, ನನ್ನಿಂದಲೇ ಆಗಿರಬಹುದು ಎಂದ. ಇವಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಕೆಳಗೆ ಹೋಗಿ ಸರಿಮಾಡು ಎಂದು ಮ್ಯಾನೇಜರ್ ಹೇಳಿದಾಗ ಇಳಿದುಬಂದಳು.

ಈಗ ಅವನ ಪಕ್ಕದಲ್ಲೇ ನಿಂತು, ಒಂದೊಂದು ಸರ್ವರ್‌ನಲ್ಲೂ ಆ ಸಾಲನ್ನು ಕೆಳಗಿಳಿಸುತ್ತಾ ಹೋದಳು. ಅವನು ಪರದೆ ನೋಡಿದ. ಊಹಿಸಿದ್ದೇ ನಿಜವಾಗಿತ್ತು. ಕೀಬೋರ್ಡ್ ಕಿತ್ತು ಮುಂದಿನದಕ್ಕೆ ಸಿಕ್ಕಿಸಿದ. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಕೆಲಸ ಮುಗಿಯಿತು. ಈಗ ಮೇಲೆ ಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ... ಅವನ ಕೆಲಸ ಮಾತ್ರ ಹೋಗುತ್ತದೆ.

ಗೋಡೆಯ ಫೋನ್ ಎತ್ತಿ ಮ್ಯಾನೇಜರ್‌ಗೆ ಹಚ್ಚಿದಳು.

"ಸರ್, ತಪ್ಪು ನನ್ನದು. ಪರೀಕ್ಷೆ ಮಾಡದೆ ಕಳಿಸಿದೆ. ಇವರು ಯಾವ ಕೇಬಲ್ಲೂ ಮುಟ್ಟಿಲ್ಲ. ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ."

ಆ ಕಡೆಯಿಂದ ಬಂದ ಮಾತು ಬರೆಯುವಂಥದ್ದಲ್ಲ. ಗುಂಡಿ ಒತ್ತುವ ಅಧಿಕಾರವನ್ನು ಅವಳಿಂದ ಕಿತ್ತುಕೊಂಡರು. ಕೊನೆಗೆ, ಅವನು ನಾಳೆ ಬರಲಿ ಎಂದರು.

"ನಿಮ್ಮ ತಪ್ಪಲ್ಲ ಅಂತ ಗೊತ್ತಿದ್ದೂ ಯಾಕೆ ಒಪ್ಕೊಂಡ್ರಿ?" ಎಂದು ಕೇಳಿದಳು.

"ಒಪ್ಕೊಳ್ಳದಿದ್ರೆ, ಫೋನ್ ಯಾಕೆ ಮಾಡ್ಲಿಲ್ಲ ಅಂತ ನಿಮ್ಮನ್ನ ಎಲ್ಲರೆದುರು ಕೇಳ್ತಿದ್ರು. ಭೇಟಿ ಆಗೋಣ ಅಂದವನು ನಾನು. ಅದು ನಿಮಗೆ ಇಷ್ಟವಾಗ್ಲಿಲ್ಲ ಅಂದ್ಕೊಂಡೆ."

ಅವಳಿಗೆ ಅಳು ಉಕ್ಕಿಬಂತು. "ಇಷ್ಟ ಅಂತಲೇ ಹೆದರಿದೆ. ಈಗ ಅದನ್ನ ಹೇಳೋಕೂ ನನಗೆ ಮುಖ ಇಲ್ಲ... ನನ್ನ ಮೇಲೆ ಕೋಪ ಇಲ್ವಾ?"

"ಇದೆ. ಮೇಡಂ ಕೂಡ ನಿನ್ನಿಂದಲೇ ಅಂತಿದ್ದಾರೆ ಅಂತ ಫೋನಿನಲ್ಲಿ ಸಾಹೇಬ್ರು ಹೇಳಿದ್ರು. ಅದು ಚುಚ್ತು. ಕೋಪ ಹೋಗೋಕೆ ಸ್ವಲ್ಪ ದಿನ ಬೇಕು."

ಅವಳು ಕಣ್ಣೊರೆಸಿಕೊಂಡು ಅವನ ಮುಖವನ್ನು ನೇರವಾಗಿ ನೋಡಿದಳು.

"ಅಲ್ಲೀವರೆಗೂ ದಿನಾ ಇಳಿದು ಬರ್ತೀನಿ. ಬೈಯಿರಿ."

"ಕೋಪ ಹೋದ ಮೇಲೆ?"

"ಆಮೇಲೂ ಬರ್ತೀನಿ."